ಮೇಲಿನ ಕ್ಯಾಬಿನೆಟ್ ಕೀಳಿಸಿ ತೆರೆದ ಶೆಲ್ಫ್ ಹಾಕಿಸಬಹುದಾ?

ಪ್ರಶ್ನೆ: ಮೈಸೂರಿನಲ್ಲಿ ನಮ್ಮದು ಸ್ವಂತ ಮನೆ. ಅಡುಗೆಮನೆ ಚಿಕ್ಕದು, ಎರಡು ಗೋಡೆಗೆ ಓವರ್‌ಹೆಡ್ ಕ್ಯಾಬಿನೆಟ್ ಇವೆ. ಮೇಲಿನ ತಟ್ಟು ನನ್ನ ಕೈಗೆ ಎಟುಕುವುದಿಲ್ಲ, ಸಿಂಕ್ ಮೇಲಿನ ಕ್ಯಾಬಿನೆಟ್ಟಿನ ಪಾರ್ಟಿಕಲ್ ಬೋರ್ಡ್ ನೀರು ಕುಡಿದು ಉಬ್ಬಿದೆ. ಎಲ್ಲ ಕೀಳಿಸಿ ತೆರೆದ ಶೆಲ್ಫ್ ಹಾಕಿಸಬೇಕು ಅಂತ ನನ್ನ ಆಸೆ. ‘ದಿನಾ ಡಬ್ಬ ಒರೆಸೋದೇ ಕೆಲಸ ಆಗುತ್ತೆ’ ಅಂತಾರೆ ಅತ್ತೆ. ಏನು ಮಾಡಲಿ? – ಗೃಹಿಣಿ, ಮೈಸೂರು

ಉತ್ತರ: ಒಲೆ ಇರುವ ಗೋಡೆಯ ಮಟ್ಟಿಗೆ ನಿಮ್ಮ ಅತ್ತೆ ಹೇಳುವುದೇ ಸರಿ. ಸಿಂಕ್ ಕಡೆಯ ಗೋಡೆಗೆ ಧೈರ್ಯವಾಗಿ ಶೆಲ್ಫ್ ಹಾಕಿಸಿ.

ಒಂದು ಸ್ಟೂಲ್ ಹತ್ತಿ, ಒಲೆ ಪಕ್ಕದ ಕ್ಯಾಬಿನೆಟ್ಟಿನ ನೆತ್ತಿಯ ಮೇಲೆ ಬೆರಳು ಎಳೆದು ನೋಡಿ. ಕಂದು ಬಣ್ಣದ ಅಂಟು ಜಿಡ್ಡು ಬರುತ್ತೆ. ದಿನಾ ಒಗ್ಗರಣೆ ಹಾಕುವ ಮನೆ ನಮ್ಮದು. ಕಾದ ಎಣ್ಣೆಯ ಸಣ್ಣ ಹನಿಗಳು ಹಬೆಯ ಜೊತೆ ಮೇಲೇರಿ ಸಿಕ್ಕಿದ ಕಡೆ ಕೂರುತ್ತವೆ, ಅದರ ಮೇಲೆ ಧೂಳು ಹಿಡಿಯುತ್ತೆ. ಚಿಮ್ನಿ ಒಂದಿಷ್ಟು ಎಳೆದುಕೊಳ್ಳುತ್ತೆ, ಪೂರ್ತಿ ಅಲ್ಲ. ಹಾಗಾಗಿ ಒಲೆಯಿಂದ ಎರಡೂ ಬದಿಗೆ ಮೂರು ಅಡಿಯೊಳಗೆ ತೆರೆದ ಶೆಲ್ಫ್ ಬೇಡವೇ ಬೇಡ. ಅಲ್ಲಿನ ಕ್ಯಾಬಿನೆಟ್ ಗಟ್ಟಿಯಾಗಿದ್ದರೆ ಹಾಗೇ ಉಳಿಸಿಕೊಳ್ಳಿ.

ತೆರೆದ ಶೆಲ್ಫ್ ನಮಗೇನು ಹೊಸದಲ್ಲ. ಹಳೆಯ ಮನೆಗಳಲ್ಲಿ ಗೋಡೆಗೆ ಕೂರಿಸಿದ ಕಡಪ ಕಲ್ಲಿನ ಮೇಲೇ ಸಾಲಾಗಿ ಡಬ್ಬ ಇರುತ್ತಿದ್ದವು, ಅಲ್ವಾ? ಆದರೆ ಆಗ ಹೆಂಚಿನ ಸಂದಿಯಿಂದ ಹೊಗೆ ಹೊರಗೆ ಹೋಗುತ್ತಿತ್ತು, ಡಬ್ಬಗಳಿಗೆ ಬಿಗಿ ಮುಚ್ಚಳ ಇತ್ತು, ಹಬ್ಬ ಬಂತು ಅಂದರೆ ಎಲ್ಲವನ್ನೂ ಕೆಳಗಿಳಿಸಿ ತಿಕ್ಕಿ ತೊಳೆದು ಬಿಸಿಲಿಗೆ ಇಡುವ ಪದ್ಧತಿಯೂ ಇತ್ತು. ಈಗ ಅಷ್ಟೆಲ್ಲ ಮಾಡಲು ಯಾರಿಗೂ ಪುರುಸೊತ್ತಿಲ್ಲ. ಅದಕ್ಕೇ ಶೆಲ್ಫ್ ಮೇಲೆ ದಿನಾ ಬಳಸಿ ದಿನಾ ತೊಳೆಯುವ ವಸ್ತುಗಳನ್ನು ಮಾತ್ರ ಇಡಿ ಅನ್ನುತ್ತೇನೆ. ತಟ್ಟೆ, ಲೋಟ, ಬಟ್ಟಲು, ಕಾಫಿ ಫಿಲ್ಟರ್. ಇವುಗಳ ಮೇಲೆ ಜಿಡ್ಡು ಕೂರಲು ಸಮಯವೇ ಸಿಗುವುದಿಲ್ಲ. ವರ್ಷಕ್ಕೆರಡು ಸಲ ತೆಗೆಯುವ ಗಾಜಿನ ಬೋಗುಣಿ, ಚಕ್ಕುಲಿ ಒರಳು, ಕಡುಬಿನ ಪಾತ್ರೆ ಇವೆಲ್ಲ ಬಾಗಿಲೊಳಗೇ ಇರಲಿ. ಅಚ್ಚಖಾರದ ಪುಡಿ, ಅರಿಸಿನವನ್ನು ಗಾಜಿನ ಬಾಟಲಿಗೆ ತುಂಬಿ ಬೆಳಕಿಗೆ ಇಡಬೇಡಿ. ಫೋಟೊದಲ್ಲಿ ಚೆಂದ ಕಾಣಬಹುದು, ಆದರೆ ಬಣ್ಣ ಮಾಸುತ್ತೆ, ಘಮವೂ ಹೋಗುತ್ತೆ.

ಕೀಳಿಸುವ ಮೊದಲು ಒಂದು ಕೆಲಸ ಮಾಡಿ. ಸಿಂಕ್ ಕಡೆಯ ಕ್ಯಾಬಿನೆಟ್ಟುಗಳ ಬಾಗಿಲನ್ನು ಮಾತ್ರ ಹಿಂಜ್ ಸ್ಕ್ರೂ ಬಿಚ್ಚಿ ತೆಗೆದಿಡಿ. ಒಂದೆರಡು ತಿಂಗಳು ಹಾಗೇ ಅಡುಗೆ ಮಾಡಿ. ಯಾವುದಕ್ಕೆ ಧೂಳು ಹಿಡಿಯುತ್ತೆ, ಯಾವುದು ಎದುರಿಗಿದ್ದರೆ ಕಿರಿಕಿರಿ ಆಗುತ್ತೆ ಅಂತ ಅತ್ತೆಗೂ ಗೊತ್ತಾಗುತ್ತೆ, ನಿಮಗೂ ಗೊತ್ತಾಗುತ್ತೆ. ಖರ್ಚೂ ಇಲ್ಲ. ಸರಿಬರಲಿಲ್ಲ ಅಂದರೆ ಬಾಗಿಲು ವಾಪಸ್ ಹಾಕಿಸಿ.

ಇನ್ನು ಗೋಡೆ ವಿಷಯ. ಬಹಳ ಮನೆಗಳಲ್ಲಿ ಕಟ್ಟೆಯಿಂದ ಎರಡು ಅಡಿವರೆಗೆ ಮಾತ್ರ ಟೈಲ್ಸ್ ಇರುತ್ತೆ. ಕ್ಯಾಬಿನೆಟ್ ಹಿಂದೆ ಬರೀ ಸಿಮೆಂಟು, ತೂತು, ಕೆಲವೊಮ್ಮೆ ಚಿಮ್ನಿಗೆ ಅಥವಾ ಲೈಟಿಗೆ ಎಳೆದ ವೈರು. ಕಿತ್ತ ಮೇಲೆ ಪುಟ್ಟಿ, ತೊಳೆಯಬಹುದಾದ ಪೇಂಟು ಅಥವಾ ಇನ್ನೊಂದಿಷ್ಟು ಟೈಲ್ಸ್ ಬೇಕಾಗುತ್ತೆ. ಬಡಗಿ ಕೊಡುವ ಲೆಕ್ಕದಲ್ಲಿ ಇದು ಬರುವುದಿಲ್ಲ, ನೀವೇ ಕೇಳಿ ಸೇರಿಸಿಕೊಳ್ಳಿ.

ಗೋಡೆ ಯಾವುದು ಅನ್ನುವುದೂ ಮುಖ್ಯ. ಡ್ರಿಲ್ ಹಾಕಿದಾಗ ಗಾರೆ ದಾಟಿದ ಮೇಲೆ ಬರುವ ಪುಡಿ ನೋಡಿ. ಕೆಂಪಗಿದ್ದರೆ ಇಟ್ಟಿಗೆ, ಬೂದು ಬಣ್ಣಕ್ಕಿದ್ದರೆ ಸಿಮೆಂಟ್ ಬ್ಲಾಕ್, ಬಿಳಿಚಿಕೊಂಡು ಡ್ರಿಲ್ ಸಲೀಸಾಗಿ ಒಳಗೆ ಹೋದರೆ ಹಗುರದ ಎಎಸಿ ಬ್ಲಾಕ್. ಎಎಸಿ ಮತ್ತು ಒಳಗೆ ಟೊಳ್ಳಿರುವ ಹಾಲೋ ಬ್ಲಾಕ್ ಗೋಡೆಗೆ ಅದಕ್ಕೆಂದೇ ಬರುವ ಆ್ಯಂಕರ್ (ಗೋಡೆಯೊಳಗೆ ಸ್ಕ್ರೂ ಬಿಗಿಯಾಗಿ ಹಿಡಿದಿಡುವ ತುಂಡು) ಬೇಕು. ಸಾದಾ ಪ್ಲಗ್ ಹಾಕಿ ಸ್ಟೀಲ್ ತಟ್ಟೆಗಳ ಅಟ್ಟಿ ಹೇರಿದರೆ ಒಂದು ದಿನ ಕಿತ್ತುಕೊಂಡು ಬರುತ್ತೆ. ಹಲಗೆಗೆ 18 ಮಿ.ಮೀ. ದಪ್ಪದ, ನೀರು ತಡೆಯುವ ಐಎಸ್ 710 (ಮರೈನ್) ಪ್ಲೈವುಡ್ ತಗೊಳ್ಳಿ, ಅಂಚುಗಳನ್ನು ಪೂರ್ತಿ ಮುಚ್ಚಿಸಿ, ಎರಡು ಅಡಿಗೊಂದು ಬ್ರಾಕೆಟ್ ಇರಲಿ. ಊಟದ ತಟ್ಟೆ ಕೂರಬೇಕು ಅಂದರೆ ಆಳ 12 ಇಂಚು ಬೇಕು. ಮೊದಲ ಹಲಗೆ ಕಟ್ಟೆಯಿಂದ ಸುಮಾರು 18 ಇಂಚು ಮೇಲಿರಲಿ, ಆದರೆ ಅದರ ಕೆಳಗೆ ಮಿಕ್ಸಿ ಇಡುವುದಾದರೆ ದೊಡ್ಡ ಜಾರ್ ಕೂರಿಸಿ, ಮುಚ್ಚಳ ಎತ್ತಿ ಹಿಡಿದು ಅಳತೆ ತಗೊಳ್ಳಿ. ಎರಡು ಹಲಗೆ ಸಾಕು. ಮೂರನೆಯದು ಮತ್ತೆ ನಿಮ್ಮ ಕೈಗೆ ಸಿಗುವುದಿಲ್ಲ.

ಪ್ರಶ್ನೆ: ನಮ್ಮದು ಮಂಗಳೂರು. ಮಳೆಗಾಲದಲ್ಲಿ ಕ್ಯಾಬಿನೆಟ್ ಒಳಗೆ ಬೂಸ್ಟು ಬರುತ್ತೆ. ತೆರೆದ ಶೆಲ್ಫ್ ಮಾಡಿಸಿದರೆ ಸರಿಹೋಗುತ್ತಾ? – ಓದುಗರು, ಮಂಗಳೂರು

ಉತ್ತರ: ಪಾತ್ರೆಗಳ ಮಟ್ಟಿಗೆ ಹೌದು. ಗಾಳಿ ಆಡುತ್ತೆ, ಒದ್ದೆ ಪಾತ್ರೆ ಬೇಗ ಒಣಗುತ್ತೆ, ಜಿರಲೆಗೂ ಅಡಗಲು ಮೂಲೆ ಕಡಿಮೆ. ಆದರೆ ಮರದ ಹಲಗೆ ಹಾಕಿಸಿದರೆ ಬೂಸ್ಟು ಅದಕ್ಕೂ ಬರುತ್ತೆ. ನಿಮ್ಮೂರಿಗೆ ಕಲ್ಲು ಇಲ್ಲವೇ 304 ಗ್ರೇಡಿನ ಸ್ಟೀಲ್ ಒಳ್ಳೆಯದು. ಮೂರು ಅಡಿ ಉದ್ದ, ಒಂದು ಅಡಿ ಅಗಲ, 20 ಮಿ.ಮೀ. ದಪ್ಪದ ಕಡಪ ಕಲ್ಲೇ ಸುಮಾರು 15 ಕೆ.ಜಿ. ತೂಗುತ್ತೆ. ಹಾಗಾಗಿ ಅದನ್ನು ಗೋಡೆಯೊಳಗೆ ಕೊರೆದು ಕೂರಿಸಬೇಕು, ಸುಮ್ನೆ ಬ್ರಾಕೆಟ್ ಮೇಲೆ ಇಡುವುದು ಬೇಡ. ಕಬ್ಬಿಣದ ಬ್ರಾಕೆಟ್ಟಿಗೆ ಪೇಂಟ್ ಕಿತ್ತ ಕಡೆ ಸಮುದ್ರದ ಗಾಳಿಗೆ ತುಕ್ಕು ಬೇಗ ಹಿಡಿಯುತ್ತೆ, ಅದೂ ಸ್ಟೀಲಿನದೇ ಇರಲಿ. ಹಪ್ಪಳ, ಹಿಟ್ಟು, ಬೆಲ್ಲ ಎಲ್ಲಿಟ್ಟರೂ ಬಿಗಿ ಡಬ್ಬದಲ್ಲೇ ಇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಬಾಡಿಗೆ ಮನೆ. ಕ್ಯಾಬಿನೆಟ್ ಬಿಚ್ಚಿಸಬಹುದಾ? – ಓದುಗರು, ಬೆಂಗಳೂರು

ಉತ್ತರ: ಮಾಲೀಕರು ಬರಹದಲ್ಲಿ ಒಪ್ಪಿಗೆ ಕೊಡದೆ ಒಂದು ಮೊಳೆಯನ್ನೂ ಹೊಡೆಯಬೇಡಿ, ಮನೆ ಬಿಡುವಾಗ ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತಾರೆ. ಕಟ್ಟೆ ಮೇಲೆ ನಿಲ್ಲಿಸುವ ಎರಡು ತಟ್ಟಿನ ಸ್ಟೀಲ್ ಸ್ಟ್ಯಾಂಡ್ ಪಾತ್ರೆ ಅಂಗಡಿಯಲ್ಲಿ ಸಿಗುತ್ತೆ, ಮನೆ ಬದಲಿಸಿದರೆ ಜೊತೆಗೇ ಬರುತ್ತೆ. ಕೊಳ್ಳುವಾಗ ಅದರ ಕಾಲಿಗೆ ರಬ್ಬರ್ ಬುಷ್ ಇದೆಯಾ ನೋಡಿ, ಇಲ್ಲದಿದ್ದರೆ ಗ್ರಾನೈಟ್ ಮೇಲೆ ಜಾರುತ್ತೆ.