ಕೋವಿಡ್ ಮುಗಿದು ಇಷ್ಟು ವರ್ಷವಾದರೂ ನರ್ಸ್‌ಗಳ ಮನಸ್ಸಿನ ದಣಿವು ಯಾಕೆ ಇಳಿದಿಲ್ಲ?

ನಿದ್ದೆ ಮಾಡಿದರೆ ಹೋಗುವ ದಣಿವಾಗಿದ್ದರೆ ಇಷ್ಟು ಹೊತ್ತಿಗೆ ಹೋಗಿರುತ್ತಿತ್ತು. 2021ರ ಏಪ್ರಿಲ್, ಮೇ ತಿಂಗಳ ಎರಡನೇ ಅಲೆಯನ್ನು ನೆನಪಿಸಿಕೊಳ್ಳಿ. ಹಾಸಿಗೆಗೂ ಆಮ್ಲಜನಕಕ್ಕೂ ಪರದಾಟ. ಪಿಪಿಇ ಕಿಟ್ ತೊಟ್ಟವರು ಗಂಟೆಗಟ್ಟಲೆ ನೀರು ಕುಡಿಯುವಂತಿಲ್ಲ, ಶೌಚಕ್ಕೆ ಹೋಗುವಂತಿಲ್ಲ. ಮನೆಯವರನ್ನು ವಾರ್ಡಿನೊಳಗೆ ಬಿಡದ ಕಾರಣ ಎಷ್ಟೋ ರೋಗಿಗಳ ಕೊನೆಗಳಿಗೆಯಲ್ಲಿ ಪಕ್ಕದಲ್ಲಿದ್ದದ್ದು ನರ್ಸ್ ಮಾತ್ರ. ಮಕ್ಕಳ ಮುಖ ತೋರಿಸಲು ಮೊಬೈಲ್ ಹಿಡಿದು ನಿಂತವರೂ ಅವರೇ. ಏನು ಮಾಡಬೇಕೆಂದು ಗೊತ್ತಿದ್ದೂ ಸೌಲಭ್ಯವಿಲ್ಲದೆ ಕೈಚೆಲ್ಲಬೇಕಾದಾಗ ಆಗುವ ಸಂಕಟ ‘ನನ್ನಿಂದಲೇ ತಪ್ಪಾಯಿತೇನೋ’ ಎಂಬ ಕೊರಗಾಗಿ ಉಳಿಯುತ್ತದೆ. ಇದನ್ನು ನೈತಿಕ ಗಾಯ ಎನ್ನುತ್ತಾರೆ. ಅಂದು ಅಳುವುದಕ್ಕೂ ಪುರುಸೊತ್ತಿರಲಿಲ್ಲ. ಆ ಅಳು ಈಗ ಸಿಡುಕಾಗಿ, ನಿದ್ದೆಗೇಡಾಗಿ, ಮಾನಿಟರ್ ಸದ್ದಿಗೆ ಎದೆ ಡವಗುಟ್ಟುವುದಾಗಿ ಹೊರಬರುತ್ತದೆ.

ಇದರ ಮೇಲೆ ಸಾಲು ಸಾಲು ನೈಟ್ ಡ್ಯೂಟಿ, ಸಿಬ್ಬಂದಿ ಕೊರತೆ, ಅನೇಕರಿಗೆ ಗುತ್ತಿಗೆ ಕೆಲಸದ ಅಭದ್ರತೆ. ಕೆಲಸದ ಒತ್ತಡಕ್ಕೆ ಮೈಮನಸ್ಸು ಬಸವಳಿಯುವ ಇಂಥ ದಣಿವಿಗೆ ಬರ್ನ್‌ಔಟ್ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕಾಯಿಲೆಗಳ ಸಾಲಿಗೆ ಸೇರಿಸಿಲ್ಲ, ಕೆಲಸದ ಸ್ಥಳದ ಒತ್ತಡದಿಂದ ಬರುವ ಸ್ಥಿತಿ ಎಂದಿದೆ. ನನಗೆ ಇದು ಬಹಳ ಮುಖ್ಯವೆನಿಸುತ್ತದೆ. ಹಾಗಾಗಿ ನರ್ಸ್‌ಗೆ ಧ್ಯಾನ ಮಾಡಿ ಎಂದರೆ ಸಾಲದು. ಡ್ಯೂಟಿ ಪಟ್ಟಿ ಸರಿಹೋಗಬೇಕು, ಕೇಳಿದಾಗ ರಜೆ ಸಿಗಬೇಕು, ಕಷ್ಟ ಹೇಳಿಕೊಂಡವರನ್ನು ‘ಕೈಲಾಗದವರು’ ಎನ್ನುವುದು ನಿಲ್ಲಬೇಕು.

ನಿಮ್ಮ ಮನೆಯಲ್ಲಿ ಯಾರಾದರೂ ಈ ಸ್ಥಿತಿಯಲ್ಲಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಲು ಹೇಳಿ. 2022ರಲ್ಲಿ ಶುರುವಾದ ಈ ಉಚಿತ ಸೇವೆಯಲ್ಲಿ ಕನ್ನಡದಲ್ಲೇ ಮಾತಾಡಬಹುದು, ನೈಟ್ ಡ್ಯೂಟಿ ಮುಗಿಸಿ ಬಂದ ನಸುಕಿನಲ್ಲೂ.