ಚೀನಾದ ಗುಳಿಗೆಯಲ್ಲಿ ರಿಯಾಲ್ಗರ್ ಇದೆಯಂತೆ, ಅಪ್ಪನಿಗೆ ಕೊಡಬಹುದಾ?

ಕೊಡಬೇಡಿ. ಅಪ್ಪನಿಗೆ ಪಾರ್ಶ್ವವಾಯು ಆಗಿದೆ, ಚೀನಾದಿಂದ ಬಂದ ಸ್ನೇಹಿತರು ಆನ್‌ಗೊಂಗ್ ನ್ಯೂಹ್ವಾಂಗ್ ಗುಳಿಗೆ ತಂದುಕೊಟ್ಟಿದ್ದಾರೆ, ಅದರಲ್ಲಿ ರಿಯಾಲ್ಗರ್ ಇದೆ ಅಂತ ಬರೆದಿದ್ದೀರಿ. ನಾನು ಡಾಕ್ಟರಲ್ಲ, ಜಿಯಾಲಜಿ ಓದಿದವನು. ಆ ಕಲ್ಲಿನ ಪರಿಚಯ ಇದೆ, ಅಷ್ಟೇ.

ರಿಯಾಲ್ಗರ್ ಅಂದರೆ ನಮ್ಮ ಆಯುರ್ವೇದದ ಮನಶ್ಶಿಲೆ. ಚೀನಾದಲ್ಲಿ ಶ್ಯೊಂಗ್‌ಹ್ವಾಂಗ್. ಆರ್ಸೆನಿಕ್ಕೂ ಗಂಧಕವೂ ಸೇರಿದ ಕಲ್ಲು. ತೂಕದಲ್ಲಿ ನೂರಕ್ಕೆ 70 ಪಾಲು ಆರ್ಸೆನಿಕ್ಕೇ. ನಮ್ಮ ಕಾಲೇಜಿನ ಲ್ಯಾಬಲ್ಲಿ ಕಿಟಕಿ ಪಕ್ಕದ ಗಾಜಿನ ಕಪಾಟಿನಲ್ಲಿ ಇದರ ಒಂದು ತುಂಡು ಇಟ್ಟಿದ್ದರು. ಚೀಟಿಯಲ್ಲಿ ‘ಬಣ್ಣ: ಕೆಂಪು’ ಅಂತ ಇತ್ತು. ತಟ್ಟೆಯಲ್ಲಿದ್ದದ್ದು ಹಳದಿ ಪುಡಿ. ಯಾರೋ ಕಲ್ಲು ಎಗರಿಸಿದ್ದಾರೆ ಅಂದುಕೊಂಡೆವು. ಆಮೇಲೆ ಮೇಷ್ಟ್ರು ಹೇಳಿದರು, ಬೆಳಕಿಗಿಟ್ಟರೆ ಇದು ಬರಬರುತ್ತಾ ತಾನಾಗಿಯೇ ಹೀಗೆ ಉದುರುತ್ತದೆ ಅಂತ.

ಹಾಗಾದರೆ ಚೀನಾದವರು ಇದನ್ನು ತಿಂದು ಬದುಕಿದ್ದು ಹೇಗೆ? ಶುದ್ಧ ಕಲ್ಲು ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಜಾಸ್ತಿ ಕಾಟ ಅದರ ಜೊತೆ ಸೇರಿಕೊಂಡಿರುವ ಬಿಳಿ ಪಾಷಾಣದ್ದು, ಅಂದರೆ ಆರ್ಸೆನಿಕ್ಕೂ ಆಮ್ಲಜನಕವೂ ಸೇರಿದ ಬಿಳಿ ವಿಷದ್ದು. ಅದು ಕರಗುತ್ತದೆ, ರಕ್ತಕ್ಕೆ ಇಳಿಯುತ್ತದೆ. ಅದಕ್ಕೇ ಅಲ್ಲಿ ಕಲ್ಲನ್ನು ನೀರು ಹಾಕಿ ಅರೆದು, ನಯವಾದ ಪುಡಿ ತಳಕ್ಕೆ ಕೂತಮೇಲೆ ಮೇಲಿನ ನೀರು ಚೆಲ್ಲಿ ಒಣಗಿಸುತ್ತಾರೆ. ಒಲೆಯ ಹತ್ತಿರ ಒಯ್ಯುವ ಹಾಗಿಲ್ಲ. ‘ಶ್ಯೊಂಗ್‌ಹ್ವಾಂಗ್ ಬೆಂಕಿ ಕಂಡರೆ ಪಾಷಾಣ’ ಅಂತ ಅವರಲ್ಲೇ ಮಾತಿದೆ. ಸುಮ್ನೆ ಹೇಳಿದ್ದಲ್ಲ, ಗಾಳಿಯಲ್ಲಿ ಕಾಯಿಸಿದರೆ ನಿಜವಾಗಿಯೂ ಪಾಷಾಣವೇ ಆಗುತ್ತದೆ. ಇಷ್ಟೆಲ್ಲ ಮಾಡಿದ ಮೇಲೂ ಅಲ್ಲಿನ ಸರ್ಕಾರಿ ಔಷಧಕೋಶ ಒಪ್ಪುವುದು 0.05ರಿಂದ 0.1 ಗ್ರಾಂ ಮಾತ್ರ. ಬಸುರಿಯರಿಗೆ ಬೇಡವೇ ಬೇಡ.

ಅಂದಹಾಗೆ, ಡ್ರ್ಯಾಗನ್ ದೋಣಿ ಹಬ್ಬದಲ್ಲಿ ಇದನ್ನು ಮದ್ಯಕ್ಕೆ ಬೆರೆಸಿ ಕುಡಿಯುತ್ತಿದ್ದರು, ಮಕ್ಕಳ ಹಣೆಗೂ ಹಚ್ಚುತ್ತಿದ್ದರು. ಹಾವು ಚೇಳು ಹತ್ತಿರ ಬರಬಾರದು ಅಂತ. ಅವರ ಬಿಳಿ ಹಾವಿನ ಕಥೆಯಲ್ಲಿ ಹೆಣ್ಣಾಗಿ ಸಂಸಾರ ಮಾಡಿಕೊಂಡಿದ್ದ ಹಾವು ಈ ಮದ್ಯ ಕುಡಿದು ನಿಜರೂಪಕ್ಕೆ ತಿರುಗುತ್ತದೆ. ನೋಡಿದ ಗಂಡ ಹೆದರಿ ಸತ್ತೇ ಹೋಗುತ್ತಾನೆ, ಪಾಪ.

ಕಾಮೆಂಟಲ್ಲಿ ಒಬ್ಬರು ‘ಆರ್ಸೆನಿಕ್ ಕ್ಯಾನ್ಸರ್‌ಗೇ ಔಷಧಿ, ಇದಕ್ಕೇನು’ ಅಂದಿದ್ದಾರೆ. ಔಷಧಿ ಹೌದು. 1970ರ ದಶಕದಲ್ಲಿ ಚೀನಾದ ಹಾರ್ಬಿನ್ ಊರಿನ ವೈದ್ಯರು ಪಾಷಾಣವನ್ನು ರಕ್ತದ ಕ್ಯಾನ್ಸರ್‌ಗೆ ಬಳಸಿ ನೋಡಿದರು. ಅದರಲ್ಲಿ ಒಂದು ಬಗೆಗೆ ಚೆನ್ನಾಗಿ ಹಿಡಿಯಿತು, 2000ದಲ್ಲಿ ಅಮೆರಿಕವೂ ಒಪ್ಪಿತು. ಆದರೆ ಅದನ್ನು ಆಸ್ಪತ್ರೆಯಲ್ಲಿ ಇಸಿಜಿ ನೋಡಿಕೊಂಡು ಡ್ರಿಪ್‌ನಲ್ಲಿ ಕೊಡುತ್ತಾರೆ. ಡಬ್ಬಿ ತೆಗೆದು ನುಂಗಿಸುವುದಕ್ಕೂ ಅದಕ್ಕೂ ಹೋಲಿಕೆ ಇಲ್ಲ ಅಲ್ವಾ?

ಇನ್ನೊಂದು. ಈ ಗುಳಿಗೆಯ ಹಳೇ ಪಾಕದಲ್ಲಿ ಇಂಗಳೀಕವೂ ಇದೆ, ಅಂದರೆ ಪಾದರಸ ಇರುವ ಕಲ್ಲು. ಈಗಾಗಲೇ ಒಂದೆರಡು ಕೊಟ್ಟಿದ್ದರೆ ಮುಚ್ಚಿಡಬೇಡಿ, ಡಬ್ಬಿ ಸಮೇತ ನ್ಯೂರಾಲಜಿ ಡಾಕ್ಟರಿಗೆ ತೋರಿಸಿ.