ಕ್ರೆಡಿಟ್ ತಾಸು, ಹಾವಿನ ಕಡಿತ, ಫ್ಲೆಕ್ಸ್ ಪೋಸ್ಟರ್: ವೈದ್ಯಕೀಯ ಕಲಿಕೆಯ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ವೈದ್ಯರು, ನರ್ಸ್‌ಗಳು, ಫಾರ್ಮಾಸಿಸ್ಟರು ಬರೆದವು. ಸಮ್ಮೇಳನ, ಸಿಎಂಇ (ವೈದ್ಯರ ನಿರಂತರ ಕಲಿಕೆಯ ಕಾರ್ಯಕ್ರಮ), ನೋಂದಣಿ ನವೀಕರಣದ ಸುತ್ತಲಿನ ಪ್ರಶ್ನೆಗಳನ್ನೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಬರುವ ವರ್ಷ ನನ್ನ ಕೆಎಂಸಿ (ಕರ್ನಾಟಕ ವೈದ್ಯಕೀಯ ಪರಿಷತ್ತು) ನೋಂದಣಿ ನವೀಕರಣಕ್ಕೆ ಬರುತ್ತದೆ. ವೆಬಿನಾರ್ ನೋಡಿದ್ದಕ್ಕೆ ಲೆಕ್ಕವಿಲ್ಲ. ಔಷಧ ಕಂಪನಿಗಳ ಹೋಟೆಲ್ ಮೀಟಿಂಗಿಗೂ ಹೋಗಿದ್ದೇನೆ, ಹೈದರಾಬಾದಿನಲ್ಲಿ ಒಂದು ಸಮ್ಮೇಳನವೂ ಆಗಿದೆ. ಎಲ್ಲವೂ ಕ್ರೆಡಿಟ್ಟಿಗೆ ಸೇರುತ್ತದೆಯೇ?
— ಖಾಸಗಿ ವೈದ್ಯರು, ಸಿಂಧನೂರು

ಉತ್ತರ: ಎಲ್ಲವೂ ಸೇರುವುದಿಲ್ಲ. ನವೀಕರಣಕ್ಕೆ ಐದು ವರ್ಷಕ್ಕೆ 30 ಕ್ರೆಡಿಟ್ ತಾಸು, ಅಂದರೆ ಪರಿಷತ್ತು ಒಪ್ಪಿದ ಕಲಿಕೆಯ ತಾಸು, ಬೇಕು. ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮದಲ್ಲೂ ಐದು ವರ್ಷಕ್ಕೆ 30 ತಾಸು ಎಂದೇ ಇದೆ. ಆದರೆ ನೀವು ಕುರ್ಚಿಯಲ್ಲಿ ಎಷ್ಟು ಹೊತ್ತು ಕೂತಿರಿ ಎಂಬುದರ ಮೇಲೆ ಕ್ರೆಡಿಟ್ ನಿಂತಿಲ್ಲ. ಆ ಕಾರ್ಯಕ್ರಮಕ್ಕೆ ಪರಿಷತ್ತು ಮೊದಲೇ ಎಷ್ಟು ಮಂಜೂರು ಮಾಡಿತ್ತೋ ಅಷ್ಟೇ ನಿಮ್ಮ ಲೆಕ್ಕ. ಬೆಳಿಗ್ಗೆಯಿಂದ ಸಂಜೆತನಕ ಕೂತು ಕೇಳಿದರೂ ಮಾನ್ಯತೆ ಇಲ್ಲದ ಸಭೆಗೆ ಸಿಗುವುದು ಸೊನ್ನೆ. ಹೊಸ ಮಾತ್ರೆ ಬಿಡುಗಡೆಯ ಊಟದ ಮೀಟಿಂಗುಗಳು ಸಾಮಾನ್ಯವಾಗಿ ಈ ಜಾತಿಯವೇ.

ಈಗಲೇ ಪ್ರಮಾಣಪತ್ರಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂಡಿರಿ. ಒಂದೊಂದರಲ್ಲೂ ಪರಿಷತ್ತಿನ ಮಂಜೂರಾತಿ ಉಲ್ಲೇಖ, ಕ್ರೆಡಿಟ್ ಸಂಖ್ಯೆ, ದಿನಾಂಕ, ಸಂಘಟಕರ ಸಹಿ, ನಿಮ್ಮ ನೋಂದಣಿ ಸಂಖ್ಯೆ ಇವೆಯೇ ನೋಡಿ. ನಮ್ಮ ಕಡೆ ಹೆಚ್ಚು ತೊಡಕಾಗುವುದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ಊರಿನ ಹೆಸರು ಅಡ್ಡಹೆಸರಾಗಿರುತ್ತದೆ, ನೋಂದಣಿಯಲ್ಲಿ ತಂದೆಯ ಹೆಸರಿನ ಇನಿಷಿಯಲ್ ಇರುತ್ತದೆ, ಸಮ್ಮೇಳನದ ಕೌಂಟರಿನಲ್ಲಿ ಕೂತ ಹುಡುಗ ಮೂರನೆಯದೊಂದನ್ನು ಬರೆದಿರುತ್ತಾನೆ. ಪರಿಷತ್ತಿನ ದಾಖಲೆಯಲ್ಲಿ ಹೇಗಿದೆಯೋ ಹಾಗೇ ಬರೆಸಿ. ತಪ್ಪಿದ್ದರೆ ಅದೇ ವಾರ ತಿದ್ದಿಸಿಕೊಳ್ಳಿ. ವರ್ಷ ಕಳೆದ ಮೇಲೆ ಆ ಸಂಘಟನಾ ಸಮಿತಿಯೇ ಇರುವುದಿಲ್ಲ.

ರಾಯಚೂರು ಜಿಲ್ಲೆಯವರಿಗೆ ಬೆಂಗಳೂರಿಗಿಂತ ಹೈದರಾಬಾದು ಹತ್ತಿರ, ಅಲ್ಲಿಗೆ ಹೋಗುವುದು ಸಹಜ. ಆ ಸಮ್ಮೇಳನಕ್ಕೆ ಕ್ರೆಡಿಟ್ ಕೊಟ್ಟ ಪರಿಷತ್ತು ಯಾವುದೆಂದು ಪ್ರಮಾಣಪತ್ರದಲ್ಲಿ ನೋಡಿ. ಬೇರೆ ರಾಜ್ಯದ್ದಾಗಿದ್ದರೆ ಇಲ್ಲಿ ಒಪ್ಪುತ್ತಾರೆಯೇ ಎಂದು ಕೆಎಂಸಿಗೆ ಇಮೇಲ್ ಹಾಕಿ, ಉತ್ತರವನ್ನು ಇಟ್ಟುಕೊಳ್ಳಿ. ಮುಂದಿನ ಐದು ವರ್ಷಕ್ಕೆ ವರ್ಷಕ್ಕೆ 6 ತಾಸಿನಂತೆ ಹಂಚಿಕೊಂಡರೆ ಕೊನೆಯ ಆರು ತಿಂಗಳಲ್ಲಿ ಸಿಕ್ಕಸಿಕ್ಕ ಸಮ್ಮೇಳನಕ್ಕೆ ಓಡುವುದು ತಪ್ಪುತ್ತದೆ.

ಪ್ರಶ್ನೆ: ನಮ್ಮ ತಾಲ್ಲೂಕಿನ ವೈದ್ಯರ ಸಂಘದಿಂದ ಹಾವಿನ ಕಡಿತದ ಬಗ್ಗೆ ಒಂದು ದಿನದ ಸಿಎಂಇ ಮಾಡಬೇಕೆಂದಿದ್ದೇವೆ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ನರ್ಸ್‌ಗಳು ಸೇರಿ 80 ಮಂದಿ. ಬರೀ ಭಾಷಣ ಆಗಬಾರದು. ಹೇಗೆ ಏರ್ಪಾಟು ಮಾಡಬೇಕು?
— ಸಂಘದ ಕಾರ್ಯದರ್ಶಿ, ಗಂಗಾವತಿ

ಉತ್ತರ: ಭತ್ತದ ನಾಡಿಗೆ ಇದಕ್ಕಿಂತ ಸರಿಯಾದ ವಿಷಯವಿಲ್ಲ. ಹಾವಿನ ಕಡಿತವನ್ನು ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಅಧಿಸೂಚಿತ ಕಾಯಿಲೆ ಎಂದು ಘೋಷಿಸಿದೆ. ಹಾಗಾಗಿ ಚಿಕಿತ್ಸೆಯ ಜತೆಗೆ ವರದಿ ಮಾಡುವುದೂ ಪಾಠದಲ್ಲಿ ಬರಲೇಬೇಕು.

ಮೊದಲು ಕಾಗದಪತ್ರ. ವಿಷಯ, ನಿಮಿಷವಾರು ವೇಳಾಪಟ್ಟಿ, ಉಪನ್ಯಾಸಕರ ವಿದ್ಯಾರ್ಹತೆ ಇವಿಷ್ಟನ್ನೂ ಸೇರಿಸಿ ಕೆಎಂಸಿಗೆ ಕನಿಷ್ಠ ಒಂದು ತಿಂಗಳು ಮೊದಲೇ ಅರ್ಜಿ ಹಾಕಿ. ನರ್ಸ್‌ಗಳ ತಾಸು ಬೇರೆ ಲೆಕ್ಕ. ರಾಜ್ಯ ಶುಶ್ರೂಷಾ ಪರಿಷತ್ತಿಗೆ ಪ್ರತ್ಯೇಕವಾಗಿ ಬರೆಯದಿದ್ದರೆ ದಿನವಿಡೀ ಕಲಿತ ನರ್ಸ್‌ಗಳ ಕೈಗೆ ಬರುವುದು ಚೆಂದದ ಕಾಗದ ಮಾತ್ರ. ಸಂಘಟಕರು ಹೆಚ್ಚಾಗಿ ಮರೆಯುವುದು ಇದನ್ನೇ. ಸರ್ಕಾರಿ ಸಿಬ್ಬಂದಿಗೆ ಓಓಡಿ (ಕರ್ತವ್ಯದ ಮೇಲೆ ಹೊರಹೋಗುವ) ಆದೇಶ ಬೇಕು. ಹೆಸರುಗಳ ಪಟ್ಟಿ ಹಿಡಿದು ಹದಿನೈದು ದಿನ ಮೊದಲೇ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಹೋಗಿ. ಪಲ್ಸ್ ಪೋಲಿಯೊ ದಿನಗಳನ್ನು ತಪ್ಪಿಸಿ. ಕೊಪ್ಪಳದಲ್ಲಿ ಮಾಡುವುದಾದರೆ ಗವಿಮಠದ ಜಾತ್ರೆಯ ವಾರ ಬೇಡವೇ ಬೇಡ. ಮುಂಗಾರು ಹಿಡಿಯುವ ಮೊದಲು ಮುಗಿಸಿದರೆ ಕಲಿತದ್ದು ಆ ಹಂಗಾಮಿಗೇ ಒದಗುತ್ತದೆ.

ಉದ್ಘಾಟನೆಗೆ ಹತ್ತು ನಿಮಿಷ ಇಡಿ. ಶಾಲು, ಹಾರ, ಸ್ವಾಗತ, ಪ್ರಾಸ್ತಾವಿಕ ಎಂದು ಒಂದು ತಾಸು ಹೋದರೆ ಕತ್ತರಿ ಬೀಳುವುದು ಪಾಠದ ವೇಳೆಗೇ. ಪರಿಷತ್ತಿನ ವೀಕ್ಷಕರು ಬಂದು ಕೂತಿರುತ್ತಾರೆ ಎಂಬುದೂ ನೆನಪಿರಲಿ. ಬೆಳಿಗ್ಗೆ 20 ನಿಮಿಷದ ಮೂರು ಉಪನ್ಯಾಸ ಸಾಕು: ನಮ್ಮಲ್ಲಿನ ನಾಲ್ಕು ಮುಖ್ಯ ವಿಷಹಾವುಗಳ ವಿಷದ ಲಕ್ಷಣ, ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಪ್ರತಿವಿಷ), ಯಾರನ್ನು ಯಾವಾಗ ಮುಂದಿನ ಆಸ್ಪತ್ರೆಗೆ ಕಳಿಸಬೇಕು. ಮಧ್ಯಾಹ್ನ ರೊಟ್ಟಿ, ಎಣ್ಣೆಗಾಯಿ, ಮೊಸರನ್ನ ಆದ ಮೇಲೆ ದೀಪ ಆರಿಸಿ ಸ್ಲೈಡ್ ತೋರಿಸಿದರೆ ಯಾರೂ ಎಚ್ಚರವಿರುವುದಿಲ್ಲ. ಆ ಹೊತ್ತನ್ನು ಕೈಕೆಲಸಕ್ಕೆ ಕೊಡಿ. ನಾಲ್ಕು ಮೇಜು, ಮೇಜಿಗೆ 20 ಮಂದಿ, ಇಬ್ಬರು ತರಬೇತುದಾರರು, 40 ನಿಮಿಷಕ್ಕೊಮ್ಮೆ ಗುಂಪು ಬದಲಾವಣೆ.

ಮೊದಲ ಮೇಜು 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ. ಕೊಳಕುಮಂಡಲ ಕಚ್ಚಿದವರಿಗೆ ಇದು ಪ್ರಾಣದ ಪ್ರಶ್ನೆ. ಹಾಗಿದ್ದೂ ಹೆಚ್ಚು ತಪ್ಪಾಗುವುದು ಇಲ್ಲೇ. 2 ಮಿ.ಲೀ. ತಾಜಾ ರಕ್ತವನ್ನು ಹೊಸ, ಒಣಗಿದ, ಸಾದಾ ಗಾಜಿನ ಟ್ಯೂಬಿಗೆ ಹಾಕಬೇಕು. ಅಲುಗಾಡಿಸದೆ 20 ನಿಮಿಷ ಇಟ್ಟು, ಆಮೇಲೆ ಒಂದೇ ಸಲ ಓರೆ ಮಾಡಿ ನೋಡಬೇಕು. ಗಾಜಿನ ಮೈಗೆ ತಾಗಿದ್ದರಿಂದಲೇ ರಕ್ತ ಹೆಪ್ಪುಗಟ್ಟುವ ಕ್ರಿಯೆ ಚಾಲೂ ಆಗುತ್ತದೆ. ಪ್ಲಾಸ್ಟಿಕ್ ಟ್ಯೂಬಾದರೆ, ಅಥವಾ ಸೋಪಿನ ಪುಡಿಯಲ್ಲಿ ತೊಳೆದ ಹಳೇ ಟ್ಯೂಬಾದರೆ, ವಿಷವಿಲ್ಲದವರ ರಕ್ತವೂ ನೀರಾಗಿಯೇ ಉಳಿಯಬಹುದು. ಬೇಡದ ಎಎಸ್‌ವಿ ರೋಗಿಯ ಮೈಗೆ ಹೋಗುತ್ತದೆ. ಇದನ್ನು ಹೇಳುವ ಬದಲು ತೋರಿಸಿ. ಒಬ್ಬ ಸ್ವಯಂಸೇವಕರ ಒಪ್ಪಿಗೆ ಪಡೆದು 6 ಮಿ.ಲೀ. ರಕ್ತ ತೆಗೆದು ಮೂರು ಟ್ಯೂಬಿಗೆ ಹಾಕಿ: ಒಂದು ಹೊಸ ಗಾಜಿನದು, ಒಂದು ಸೋಪಿನಲ್ಲಿ ತೊಳೆದದ್ದು, ಒಂದು ಪ್ಲಾಸ್ಟಿಕ್ಕಿನದು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಸ್ವಯಂಸೇವಕರಾಗುವುದು ಬೇಡ. ಕೈಗವಸು, ಸೂಜಿ ಡಬ್ಬಿ ಮೇಜಿನ ಮೇಲೆಯೇ ಇರಲಿ. ಗುಂಪು ಬಂದ ಐದು ನಿಮಿಷದೊಳಗೆ ಟ್ಯೂಬು ತುಂಬಿದರೆ ಕಾಯುವ 20 ನಿಮಿಷವನ್ನು ಚರ್ಚೆಗೆ ಬಳಸಬಹುದು. ಮೂರನ್ನೂ ಸಾಲಾಗಿ ಓರೆ ಮಾಡಿ ತೋರಿಸಿದ್ದು ಮರೆಯುವಂಥದ್ದಲ್ಲ. ನಾಗರ, ಕಟ್ಟುಹಾವು ಕಚ್ಚಿದಾಗ ಈ ಪರೀಕ್ಷೆಯಲ್ಲಿ ರಕ್ತ ಎಂದಿನಂತೆ ಹೆಪ್ಪುಗಟ್ಟಬಹುದು ಎಂಬುದನ್ನೂ ಅಲ್ಲಿಯೇ ಹೇಳಿ. ರಾತ್ರಿ ನೆಲದ ಮೇಲೆ ಮಲಗಿದವರು ನಸುಕಿನಲ್ಲಿ ಹೊಟ್ಟೆನೋವು ಎಂದು ಬಂದು, ರೆಪ್ಪೆ ಇಳಿಬಿದ್ದಿದ್ದರೆ ಗಾಯದ ಗುರುತು ಕಾಣದಿದ್ದರೂ ಕಟ್ಟುಹಾವನ್ನು ನೆನೆಯಬೇಕು.

ಎರಡನೇ ಮೇಜಿನಲ್ಲಿ ಅವಧಿ ಮೀರಿದ ಎಎಸ್‌ವಿ ವಯಲ್‌ಗಳನ್ನಿಡಿ. ಪುಡಿಯ ವಯಲಿಗೆ 10 ಮಿ.ಲೀ. ದ್ರಾವಕ ಹಾಕಿ ಮೆಲ್ಲಗೆ ತಿರುಗಿಸಬೇಕು. ಕುಲುಕಿದರೆ ನೊರೆ ಏಳುತ್ತದೆ, ಔಷಧ ಪೂರ್ತಿ ಸಿರಿಂಜಿಗೆ ಬರುವುದಿಲ್ಲ. ಒಬ್ಬರೇ ನರ್ಸ್ 10 ವಯಲ್ ಕರಗಿಸಲು ಎಷ್ಟು ಹೊತ್ತು ಹಿಡಿಯುತ್ತದೆಂದು ಗಡಿಯಾರ ಹಿಡಿದು ನೋಡಿ. ರಾತ್ರಿಪಾಳಿಯಲ್ಲಿ ಎರಡನೆಯವರನ್ನು ಏಕೆ ಕರೆಯಬೇಕೆಂಬುದು ಅದರಲ್ಲೇ ಗೊತ್ತಾಗುತ್ತದೆ. ಮೊದಲ ಡೋಸು 8ರಿಂದ 10 ವಯಲ್, ಮಕ್ಕಳಿಗೂ ಅಷ್ಟೇ. ಹಾವು ಬಿಟ್ಟ ವಿಷ ಮಗುವಿಗೆಂದು ಕಡಿಮೆಯಾಗಿರುವುದಿಲ್ಲವಲ್ಲ. ಟೆಸ್ಟ್ ಡೋಸ್ ಬೇಕಿಲ್ಲ. ಬದಲಿಗೆ ವಯಸ್ಕರಿಗೆ 0.5 ಮಿ.ಗ್ರಾಂ. ಅಡ್ರಿನಲಿನ್ ಸಿರಿಂಜಿನಲ್ಲಿ ಎಳೆದು, ಚೀಟಿ ಅಂಟಿಸಿ, ಡ್ರಿಪ್ ಶುರುವಾಗುವ ಮೊದಲೇ ಪಕ್ಕದಲ್ಲಿ ಇಟ್ಟಿರಬೇಕು. ಒಗ್ಗದೆ ಹೋದರೆ ಅದನ್ನು ತೊಡೆಯ ಹೊರಬದಿಯ ಸ್ನಾಯುವಿಗೆ ಚುಚ್ಚಬೇಕು.

ಮೂರನೇ ಮೇಜಿಗೆ ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ) ಮತ್ತು ಬೊಂಬೆ. ಐದಾರು ಸೆಕೆಂಡಿಗೊಮ್ಮೆ ಒಂದು ಉಸಿರು. ಗಾಬರಿಯಲ್ಲಿ ಎಲ್ಲರೂ ಇದರ ಎರಡು ಪಟ್ಟು ಒತ್ತುತ್ತಾರೆ. ನಾಲ್ಕನೆಯದರಲ್ಲಿ ರೆಫರಲ್ ಚೀಟಿ ಮತ್ತು ವರದಿ ನಮೂನೆ ಬರೆಯುವುದು: ಕಚ್ಚಿದ ವೇಳೆ, ಪರೀಕ್ಷೆಯ ವೇಳೆ, ಕೊಟ್ಟ ವಯಲ್, ಅಡ್ರಿನಲಿನ್ ಕೊಟ್ಟಿದ್ದೀರೋ ಇಲ್ಲವೋ. ಇವಿಲ್ಲದ ಚೀಟಿ ಕೊಪ್ಪಳಕ್ಕೋ ಬಳ್ಳಾರಿಗೋ ಮುಟ್ಟಿದರೆ ಅಲ್ಲಿನವರು ಎಲ್ಲವನ್ನೂ ಮೊದಲಿನಿಂದ ಕೇಳಬೇಕಾಗುತ್ತದೆ.

ಸಭಾಂಗಣದ ಬಗ್ಗೆ ಎರಡೇ ಮಾತು. ಲ್ಯಾಂಪಿನ ಪ್ರೊಜೆಕ್ಟರಿಗೆ ಕರೆಂಟು ಹೋದರೆ ಬಿಸಿ ಲ್ಯಾಂಪ್ ತಣ್ಣಗಾಗುವವರೆಗೆ ಮತ್ತೆ ಹೊತ್ತುವುದಿಲ್ಲ. ಜನರೇಟರ್ ಇದ್ದರೂ ಬದಲಾಗುವ ಆ ಕೆಲ ಸೆಕೆಂಡುಗಳಿಗೆ ಅದು ಆರಿಹೋಗುತ್ತದೆ. 1 ಕೆವಿಎ ಯುಪಿಎಸ್ ನಡುವೆ ಇಟ್ಟರೆ ಸಾಕು. ನುಡಿ ತಂತ್ರಾಂಶದಲ್ಲಿ ಟೈಪಿಸಿದ ಕನ್ನಡ ಸ್ಲೈಡು ಆ ಅಕ್ಷರವಿಲ್ಲದ ಲ್ಯಾಪ್‌ಟಾಪಿನಲ್ಲಿ ಕಸವಾಗಿ ಕಾಣುತ್ತದೆ. ಯೂನಿಕೋಡಿನಲ್ಲಿ ಬರೆಸಿ, ಪಿಡಿಎಫ್ ಪ್ರತಿಯನ್ನೂ ತರಿಸಿಕೊಳ್ಳಿ.

ಶುರುವಿನಲ್ಲೂ ಕೊನೆಯಲ್ಲೂ ಅದೇ ಹತ್ತು ಪ್ರಶ್ನೆ ಕೊಡಿ. ಸರಾಸರಿ ಅಂಕ ನೋಡಿ ಖುಷಿಪಡಬೇಡಿ. ಯಾವ ಪ್ರಶ್ನೆ ಸಂಜೆಯೂ ತಪ್ಪಾಯಿತು ಎಂದು ನೋಡಿ, ಮುಂದಿನ ತಿಂಗಳ ಸಭೆಗೆ ಅದೇ ವಿಷಯ.

ಪ್ರಶ್ನೆ: ಐದು ವರ್ಷಕ್ಕೆ 150 ತಾಸು ಸಿಎನ್‌ಇ (ನರ್ಸ್‌ಗಳ ನಿರಂತರ ಕಲಿಕೆ) ಬೇಕು ಎನ್ನುತ್ತಾರೆ. ಪಾಳಿ ಬಿಟ್ಟು ಹೋಗಲು ರಜೆಯೇ ಸಿಗುವುದಿಲ್ಲ. ಏನು ಮಾಡಲಿ?
— ನರ್ಸಿಂಗ್ ಅಧಿಕಾರಿ, ಕೊಪ್ಪಳ

ಉತ್ತರ: 150 ಕೇಳಿದ್ದು ಸರಿ. ವರ್ಷಕ್ಕೆ 30, ತಿಂಗಳಿಗೆ ಎರಡೂವರೆ ತಾಸು. ಹೊರಗಿನ ಸಮ್ಮೇಳನಗಳಿಂದಲೇ ಅಷ್ಟು ತುಂಬಿಸುವುದು ಯಾರಿಗೂ ಆಗದು. ನಿಮ್ಮ ಆಸ್ಪತ್ರೆಯಲ್ಲೇ ಸೋಂಕು ನಿಯಂತ್ರಣ, ಹೆರಿಗೆ ಕೋಣೆ, ನವಜಾತ ಶಿಶು ಆರೈಕೆಯ ತರಬೇತಿಗಳು ನಡೆಯುತ್ತಿರುತ್ತವೆ. ನಡೆಸುವವರನ್ನು ಮೊದಲ ದಿನವೇ ಕೇಳಿ: ಪರಿಷತ್ತಿನ ಮಾನ್ಯತೆ ಇದೆಯೇ, ಪ್ರಮಾಣಪತ್ರದಲ್ಲಿ ತಾಸು ನಮೂದಾಗುತ್ತದೆಯೇ? ಇಲ್ಲದಿದ್ದರೆ ನರ್ಸಿಂಗ್ ಅಧೀಕ್ಷಕರ ಮೂಲಕ ವರ್ಷದ ಪಟ್ಟಿಗೆ ಒಟ್ಟಾಗಿ ಅರ್ಜಿ ಹಾಕಿಸಿ, ಹತ್ತಾರು ಮಂದಿಗೆ ಒಂದೇ ಓಡಾಟದಲ್ಲಿ ಆಗುತ್ತದೆ. ಮಾನಸಿಕ ಆರೋಗ್ಯದಲ್ಲಿ ಆಸಕ್ತಿಯಿದ್ದರೆ ನಿಮ್ಹಾನ್ಸ್ ಡಿಜಿಟಲ್ ಅಕಾಡೆಮಿ ವೈದ್ಯರಷ್ಟೇ ಅಲ್ಲ, ನರ್ಸ್‌ಗಳಿಗೂ ಆನ್‌ಲೈನಿನಲ್ಲಿ ಕಲಿಸುತ್ತದೆ. ಸೇರುವ ಮೊದಲು ತಾಸಿನ ವಿಷಯ ಅಲ್ಲೂ ಕೇಳಿಕೊಳ್ಳಿ. ರಜೆಗೆ ಬಾಯಿಮಾತಿನಲ್ಲಿ ಕೇಳಬೇಡಿ. ಆಹ್ವಾನಪತ್ರ ಲಗತ್ತಿಸಿ, ನಿಮ್ಮ ಪಾಳಿ ಯಾರು ನೋಡಿಕೊಳ್ಳುತ್ತಾರೆಂದು ಅವರ ಸಹಿಯೊಂದಿಗೆ ಓಓಡಿ ಅರ್ಜಿ ಕೊಡಿ. ಅಂಥ ಅರ್ಜಿಯನ್ನು ತಳ್ಳಿಹಾಕುವುದು ಕಷ್ಟ.

ಪ್ರಶ್ನೆ: ರಾಜ್ಯಮಟ್ಟದ ಸಮ್ಮೇಳನಕ್ಕೆ ಪೋಸ್ಟರ್ ಆಯ್ಕೆಯಾಗಿದೆ. ಹೋದ ಸಲ ಮುದ್ರಣವಾದಾಗ ಫೋಟೊ ಎಲ್ಲ ಮಸುಕಾಗಿತ್ತು.
— ಪಿಜಿ ವಿದ್ಯಾರ್ಥಿನಿ, ಬಳ್ಳಾರಿ

ಉತ್ತರ: ಫೋಟೊ ವಾಟ್ಸ್ಯಾಪಿನಲ್ಲಿ ಬಂದದ್ದಿರಬೇಕು. ಅದು ಚಿತ್ರವನ್ನು ಕುಗ್ಗಿಸಿಯೇ ಕಳಿಸುತ್ತದೆ. ಕ್ಯಾಮೆರಾದ ಮೂಲ ಕಡತವನ್ನೇ ಹಾಕಿ. ಫ್ಲೆಕ್ಸ್ ಅಂಗಡಿಗೆ ಕಳಿಸುವಾಗಲೂ ಡಾಕ್ಯುಮೆಂಟ್ ಆಗಿ, ಪಿಡಿಎಫ್ ರೂಪದಲ್ಲಿ, ಇಲ್ಲವೇ ಪೆನ್‌ಡ್ರೈವಿನಲ್ಲಿ. ಪವರ್‌ಪಾಯಿಂಟ್ ಕಡತ ಕೊಟ್ಟರೆ ಅಂಗಡಿಯ ಕಂಪ್ಯೂಟರಿನಲ್ಲಿ ಅಕ್ಷರ, ಸಾಲು ಎರಡೂ ಜಾರುತ್ತವೆ. 3×4 ಅಡಿಯ ಪೋಸ್ಟರಾದರೆ ಪುಟದ ಅಳತೆಯನ್ನು ಶುರುವಿನಲ್ಲೇ 36×48 ಇಂಚು ಎಂದು ಇಡಿ, ಎ4ನಲ್ಲಿ ಮಾಡಿ ಹಿಗ್ಗಿಸಬೇಡಿ. ಇಂಚಿಗೆ 150 ಚುಕ್ಕೆಯ ಲೆಕ್ಕ ಹಿಡಿದರೆ 12 ಇಂಚು ಅಗಲದ ಒಂದು ಎಕ್ಸ್‌ರೇಗೆ 1,800 ಪಿಕ್ಸೆಲ್ ಬೇಕು. ಶೀರ್ಷಿಕೆ 85 ಪಾಯಿಂಟಿನ ಆಸುಪಾಸು, ಒಳಗಿನ ಅಕ್ಷರ 28ಕ್ಕಿಂತ ಕಡಿಮೆ ಬೇಡ. ಎರಡು ಮಾರು ದೂರದಿಂದ ಓದಲಾಗದ ಪೋಸ್ಟರಿನ ಮುಂದೆ ಯಾರೂ ನಿಲ್ಲುವುದಿಲ್ಲ. ಎಕ್ಸ್‌ರೇ ಮೂಲೆಯಲ್ಲಿ ರೋಗಿಯ ಹೆಸರು, ನಂಬರು ಉಳಿದಿರುತ್ತದೆ, ಅಳಿಸಿ. ಮುಖದ ಫೋಟೊಗೆ ಕಣ್ಣಿನ ಮೇಲೆ ಕಪ್ಪುಪಟ್ಟಿ ಹಾಕಿದರೆ ಸಾಲದು, ಊರಿನವರು ಗುರುತು ಹಿಡಿಯುತ್ತಾರೆ. ಲಿಖಿತ ಒಪ್ಪಿಗೆ ಬೇಕು, ರೋಗಿಗೆ ಬರುವ ಭಾಷೆಯಲ್ಲಿ.

ಪ್ರಶ್ನೆ: ಗೋವಾದ ಸಮ್ಮೇಳನಕ್ಕೆ ವಿಮಾನ, ಹೋಟೆಲ್ ತಾವೇ ನೋಡಿಕೊಳ್ಳುತ್ತೇವೆ ಎಂದು ಕಂಪನಿ ಪ್ರತಿನಿಧಿ ಹೇಳಿದ್ದಾರೆ. ನಾನು ಉಪನ್ಯಾಸ ಕೊಡುವವನಲ್ಲ, ಬರೀ ಕೇಳಲು ಹೋಗುವವನು. ಒಪ್ಪಬಹುದೇ?
— ವೈದ್ಯರು, ರಾಯಚೂರು

ಉತ್ತರ: ಬೇಡ. ವೈದ್ಯರ ನಡವಳಿಕೆ ನಿಯಮಕ್ಕೆ 2009ರಲ್ಲೇ ಇದರ ನಿಷೇಧ ಸೇರಿದೆ. 2024ರ ಮಾರ್ಚ್ 12ರಂದು ಕೇಂದ್ರದ ಔಷಧ ಇಲಾಖೆ ಹೊರಡಿಸಿದ ಮಾರಾಟ ಸಂಹಿತೆ ಕಂಪನಿಗಳಿಗೂ ಅದನ್ನೇ ಹೇಳುತ್ತದೆ: ಉಪನ್ಯಾಸಕರಲ್ಲದ ವೈದ್ಯರಿಗೆ ಟಿಕೆಟ್ಟು, ಹೋಟೆಲು ಕೊಡುವಂತಿಲ್ಲ, ಅವರ ಮನೆಯವರಿಗೂ ಇಲ್ಲ. ಕಂಪನಿಗಳು ವಿದೇಶದಲ್ಲಿ ಸಿಎಂಇ ನಡೆಸುವಂತೆಯೂ ಇಲ್ಲ. ತೆರಿಗೆಯ ಕಡೆಯಿಂದಲೂ ಇದು ಗುಟ್ಟಾಗಿ ಉಳಿಯುವುದಿಲ್ಲ. 2022ರ ಜುಲೈ 1ರಿಂದ ಜಾರಿಯಾದ ಆದಾಯ ತೆರಿಗೆ ನಿಯಮದಂತೆ ವರ್ಷಕ್ಕೆ 20,000 ರೂಪಾಯಿ ಮೀರಿದ ಇಂಥ ಅನುಕೂಲಕ್ಕೆ ಕಂಪನಿಯೇ ಶೇ. 10ರಷ್ಟು ತೆರಿಗೆ ಮುರಿದುಕೊಂಡು ನಿಮ್ಮ ಪ್ಯಾನ್ ಲೆಕ್ಕಕ್ಕೆ ತೋರಿಸಬೇಕು. ನೋಂದಣಿ ಶುಲ್ಕ ನೀವೇ ಕಟ್ಟಿ. ಮೊದಲ ಗಡುವಿನೊಳಗೆ ಕಟ್ಟಿದರೆ ಅದು ಕಡಿಮೆಯೇ ಇರುತ್ತದೆ.

ಪ್ರಶ್ನೆ: ಔಷಧ ಅಂಗಡಿಯ ಫಾರ್ಮಾಸಿಸ್ಟರಿಗೂ ಇಂಥದ್ದೇನಾದರೂ ಕಡ್ಡಾಯವೇ?
— ಮಾನ್ವಿ

ಉತ್ತರ: ಹೌದು. 2015ರ ಫಾರ್ಮಸಿ ವೃತ್ತಿ ನಿಯಮದ ಪ್ರಕಾರ ಐದು ವರ್ಷದಲ್ಲಿ ಕನಿಷ್ಠ ಎರಡು ರಿಫ್ರೆಶರ್ ಕೋರ್ಸ್, ಒಂದೊಂದೂ ಕನಿಷ್ಠ ಒಂದು ದಿನದ್ದು.

ಪ್ರಶ್ನೆ: 'ನಿಮ್ಮ ಸಂಶೋಧನೆ ಮೆಚ್ಚಿದ್ದೇವೆ, ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಮುಖ್ಯ ಭಾಷಣಕಾರರಾಗಿ ಬನ್ನಿ' ಎಂದು ಇಮೇಲ್ ಬಂದಿದೆ. ಭಾಷಣಕಾರರಿಗೂ ಶುಲ್ಕವಂತೆ!
— ಸಹಾಯಕ ಪ್ರಾಧ್ಯಾಪಕರು, ಬಳ್ಳಾರಿ

ಉತ್ತರ: ನಿಮ್ಮ ಆಶ್ಚರ್ಯಚಿಹ್ನೆಯಲ್ಲೇ ಉತ್ತರವಿದೆ. ಮುಖ್ಯ ಭಾಷಣಕ್ಕೆ ಕರೆದವರು ಭಾಷಣಕಾರರಿಂದ ಹಣ ಕೇಳುವುದಿಲ್ಲ. ಆದರೂ ಪರೀಕ್ಷಿಸಬೇಕೆನಿಸಿದರೆ ಅದೇ ಸಂಸ್ಥೆಯ ತಾಣದಲ್ಲಿ ಆ ದಿನಾಂಕದ ಇತರ ಸಮ್ಮೇಳನಗಳನ್ನು ನೋಡಿ. ಹೃದ್ರೋಗ, ದಂತವೈದ್ಯ, ನ್ಯಾನೊ ತಂತ್ರಜ್ಞಾನ ಮೂರೂ ಒಂದೇ ಹೋಟೆಲಿನಲ್ಲಿ ನಡೆಯುತ್ತಿದ್ದರೆ ಅದು ಅಂಗಡಿ. ಸಂಘಟನಾ ಸಮಿತಿಯಲ್ಲಿ ಹೆಸರಿರುವ ಒಬ್ಬರಿಗೆ ಅವರ ಕಾಲೇಜಿನ ವಿಳಾಸಕ್ಕೇ ಬರೆದು ಕೇಳಿ, ಎಷ್ಟೋ ಸಲ ತಮ್ಮ ಹೆಸರು ಅಲ್ಲಿರುವುದು ಅವರಿಗೇ ಗೊತ್ತಿರುವುದಿಲ್ಲ. ಸಾರಾಂಶ ಕಳಿಸಿದ ಎರಡೇ ತಾಸಿನಲ್ಲಿ 'ಆಯ್ಕೆಯಾಗಿದೆ' ಎಂದು ಬಂದರೆ ಯಾರೂ ಅದನ್ನು ಓದಿಲ್ಲ. ಹಣ ಆಗಲೇ ಕಟ್ಟಿದ್ದರೆ ತಡಮಾಡದೆ ಬ್ಯಾಂಕಿಗೆ ತಿಳಿಸಿ, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇಮೇಲ್, ರಸೀದಿ ಯಾವುದನ್ನೂ ಅಳಿಸಬೇಡಿ.